ಬೆವರು ಒಬ್ಬರದು, ಕೂಲಿ ಇನ್ನೊಬ್ಬರದು



ಕಳೆದ ಕೆಲವು ವರ್ಷಗಳಿಂದ ನಮ್ಮ ಗಡಿನಾಡಿನ ಮನೆಗಳಲ್ಲಿ ಒಂದು ಹೊಸ ಬಗೆಯ ಪ್ರಶ್ನೆ ತಲೆಯೆತ್ತಿದೆ. ಉದಕಮಂಡಲ, ಗೂಡಲೂರು, ಮಸಿನಗುಡಿ ಕಡೆಯ ಭಕ್ತರು ಮಠದ ಕಚೇರಿಗೆ ಬಂದಾಗ ಮಳೆ, ಬೆಳೆ, ಟೀ ಸೊಪ್ಪಿನ ಬೆಲೆ, ಆನೆಯ ಹಾವಳಿ ಇವುಗಳ ಮಾತು ಮುಗಿದ ಮೇಲೆ ಸ್ವಲ್ಪ ಸಂಕೋಚದಿಂದಲೇ ಈ ವಿಷಯ ತೆಗೆಯುತ್ತಾರೆ. ಮಗ ಡಿಗ್ರಿ ಮುಗಿಸಿದ್ದಾನೆ. ತೋಟಕ್ಕೆ ಇಳಿಯಲು ಮನಸ್ಸಿಲ್ಲ, ಅಂಗಡಿಯಲ್ಲಿ ಕೂರಲೂ ಮನಸ್ಸಿಲ್ಲ. ಮೈಸೂರಿಗೋ ಕೊಯಮತ್ತೂರಿಗೋ ಹೋಗಿ ಜಿಮ್ಮಿನಲ್ಲಿ ‘ಪರ್ಸನಲ್ ಟ್ರೈನರ್’ ಆಗುತ್ತೇನೆ ಎನ್ನುತ್ತಾನೆ. “ಕಾರ್ಯದರ್ಶಿಗಳೇ, ಇದೂ ಒಂದು ಕಸುಬು ಅಂತ ಆಯಿತೇ? ಬೇರೆಯವರು ಕಬ್ಬಿಣ ಎತ್ತುವುದು, ನಮ್ಮ ಹುಡುಗ ಪಕ್ಕದಲ್ಲಿ ನಿಂತು ಒಂದು ಎರಡು ಅಂತ ಎಣಿಸಿ ದುಡ್ಡು ತೆಗೆದುಕೊಳ್ಳುವುದು!” ಎಂದು ತಂದೆಯಾದವರು ಕೇಳುತ್ತಾರೆ.

ಮೇಲ್ನೋಟಕ್ಕೆ ಇದು ಹೊಟ್ಟೆಪಾಡಿನ ಪ್ರಶ್ನೆ. ಆದರೆ ಅದರ ಒಳಗೆ ಒಂದು ಧರ್ಮದ ಪ್ರಶ್ನೆ ಅಡಗಿದೆ. ಬೆವರು ಸುರಿಸಿದವನು ಕೂಲಿ ಪಡೆಯುವುದು ಲೋಕದ ನ್ಯಾಯ. ಈ ಕಸುಬಿನಲ್ಲಾದರೋ ಬೆವರು ಸುರಿಸಿದವನೇ ಕೂಲಿ ಕೊಡುತ್ತಾನೆ, ನಿಂತು ನೋಡಿದವನು ಪಡೆಯುತ್ತಾನೆ. ಹನ್ನೆರಡನೆಯ ಶತಮಾನದ ಶರಣರು ದುಡಿಮೆಯನ್ನು ತೂಗಲು ನಮಗೆ ಕಾಯಕವೆಂಬ ತಕ್ಕಡಿಯನ್ನು ಕೊಟ್ಟುಹೋಗಿದ್ದಾರೆ. ಆ ತಕ್ಕಡಿಯಲ್ಲಿ ಇಟ್ಟರೆ ಈ ಕಸುಬು ನಿಲ್ಲುತ್ತದೆಯೇ? ನಿಲ್ಲುವುದಾದರೆ ಯಾವ ಷರತ್ತಿನ ಮೇಲೆ? ಇದನ್ನು ನಾವೆಲ್ಲ ಕೂಡಿ ವಿಚಾರ ಮಾಡುವುದು ಒಳ್ಳೆಯದು.

ಮೊದಲು ಕಸುಬು ಏನೆಂಬುದನ್ನು ತಿಳಿಯೋಣ. ಜಿಮ್ಮಿಗೆ ಬರುವ ಹತ್ತಾರು ಜನರನ್ನು ಒಟ್ಟಾಗಿ ನೋಡಿಕೊಳ್ಳುವವನು ಸಾಮಾನ್ಯ ಟ್ರೈನರ್. ಒಬ್ಬೊಬ್ಬರಿಗೆ ಪ್ರತ್ಯೇಕವಾಗಿ ಸಮಯ ಕೊಟ್ಟು, ಅವರ ವಯಸ್ಸು, ತೂಕ, ಕಾಯಿಲೆ, ಕೆಲಸ ಎಲ್ಲವನ್ನೂ ವಿಚಾರಿಸಿ, ಅವರಿಗೆ ತಕ್ಕ ವ್ಯಾಯಾಮ ಗೊತ್ತುಮಾಡಿ, ಮಾಡುವಾಗ ತಪ್ಪು ತಿದ್ದಿ, ವಾರದಿಂದ ವಾರಕ್ಕೆ ಭಾರ ಏರಿಸುತ್ತ ಹೋಗುವವನು ಪರ್ಸನಲ್ ಟ್ರೈನರ್. ಇವನಿಗೆ ಸಂಬಳಕ್ಕಿಂತ ಹೆಚ್ಚಾಗಿ ಶಿಷ್ಯರು ಕೊಡುವ ಫೀಸಿನಲ್ಲೇ ಜೀವನ. ಒಂದು ರೀತಿಯಲ್ಲಿ ಮನೆ ಪಾಠ ಹೇಳುವ ಮೇಷ್ಟ್ರಂತೆ. ವ್ಯತ್ಯಾಸವೆಂದರೆ ಪುಸ್ತಕದ ಬದಲು ಇಲ್ಲಿ ದೇಹವಿದೆ.

ಹಿರಿಯರು ಇದಕ್ಕೆ ಮುಖ್ಯವಾಗಿ ಮೂರು ಆಕ್ಷೇಪಣೆಗಳನ್ನು ಹೇಳುತ್ತಾರೆ. ಮೂರರಲ್ಲೂ ಸತ್ಯಾಂಶವಿದೆ. ಆದ್ದರಿಂದ ಯಾವುದನ್ನೂ ತಳ್ಳಿಹಾಕದೆ ಒಂದೊಂದಾಗಿ ನೋಡೋಣ.

ಮೊದಲನೆಯ ಆಕ್ಷೇಪಣೆ ರೈತರದು. ಹೊಲದಲ್ಲಿ ಗೊಬ್ಬರದ ಮಂಕರಿ ಹೊತ್ತರೆ, ಕ್ಯಾರೆಟ್ ಮೂಟೆ ಲಾರಿಗೆ ಎತ್ತಿದರೆ ಬಿಟ್ಟಿಯಾಗಿ ಆಗುವ ವ್ಯಾಯಾಮಕ್ಕೆ ಊರಿನವರು ಹಣ ತೆರುತ್ತಾರಲ್ಲ, ಇದು ಹುಚ್ಚಲ್ಲವೇ? ಎತ್ತಿದ ಭಾರವನ್ನು ಎತ್ತಿದಲ್ಲೇ ಇಳಿಸುವುದರಿಂದ ಯಾರಿಗೆ ಏನು ಬೆಳೆಯಿತು? ಈ ಮಾತು ನಗು ಬರಿಸಿದರೂ ಆಳವಾದ ಮಾತು. ದುಡಿಮೆಯನ್ನೂ ಅದರ ಫಲವನ್ನೂ ಬೇರೆ ಮಾಡಬಾರದು ಎಂಬುದೇ ಅದರ ತಿರುಳು.

ಆದರೆ ನಾವು ಗಮನಿಸಬೇಕಾದ ಅಂಶವೊಂದಿದೆ. ದುಡಿಮೆ ಈಗ ಎಲ್ಲರ ಮೈಯಲ್ಲೂ ಸಮನಾಗಿ ಹಂಚಿಹೋಗಿಲ್ಲ. ಬೆಳಿಗ್ಗೆ ಎಂಟಕ್ಕೆ ಗಲ್ಲಾಪೆಟ್ಟಿಗೆಯ ಮುಂದೆ ಕೂತ ವರ್ತಕರು ರಾತ್ರಿ ಒಂಬತ್ತಕ್ಕೆ ಏಳುತ್ತಾರೆ. ಬ್ಯಾಂಕಿನವರು, ಕಚೇರಿಯವರು, ಕಂಪ್ಯೂಟರ್ ಮುಂದಿನ ಹುಡುಗರು ಎಲ್ಲರದೂ ಇದೇ ಪಾಡು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆಯ ಪ್ರಕಾರ ನಮ್ಮ ದೇಶದಲ್ಲಿ ಸುಮಾರು 10 ಕೋಟಿ ಜನರಿಗೆ ಸಕ್ಕರೆ ಕಾಯಿಲೆ ಇದೆ. ಇನ್ನೂ 13 ಕೋಟಿಗೂ ಹೆಚ್ಚು ಜನ ಅದರ ಹೊಸ್ತಿಲಲ್ಲಿ ನಿಂತಿದ್ದಾರೆ. ವಯಸ್ಕರು ವಾರಕ್ಕೆ ಕನಿಷ್ಠ 150 ನಿಮಿಷ ಬಿರುಸಾದ ನಡಿಗೆಯಂಥ ಚಟುವಟಿಕೆ ಮಾಡಬೇಕು, ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ವ್ಯಾಯಾಮ ಮಾಡಬೇಕು ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. 150 ನಿಮಿಷವೆಂದರೆ ದಿನಕ್ಕೆ ಅರ್ಧ ಗಂಟೆಯಂತೆ ಐದು ದಿನ. ಅಷ್ಟೂ ಮಾಡದವರು ನಮ್ಮಲ್ಲೇ ಎಷ್ಟು ಜನರಿದ್ದಾರೆಂಬುದನ್ನು ಪ್ರತಿಯೊಬ್ಬರೂ ತಮ್ಮ ಮನೆಯಲ್ಲೇ ಎಣಿಸಿ ನೋಡಬಹುದು.

ಹೊಲದಲ್ಲಿ ದುಡಿಯುವವರಿಗೂ ಇದರಿಂದ ಪೂರ್ತಿ ವಿನಾಯಿತಿ ಇಲ್ಲ. ದಿನವಿಡೀ ಬಗ್ಗಿ ಆಲೂಗಡ್ಡೆ ಅಗೆದವರಿಗೆ, ಬೆನ್ನಿಗೆ ಬುಟ್ಟಿ ಕಟ್ಟಿ ಇಳಿಜಾರಿನಲ್ಲಿ ಸೊಪ್ಪು ಕಿತ್ತವರಿಗೆ ದುಡಿಮೆಯೇನೋ ಸಾಕಷ್ಟಿದೆ. ಆದರೆ ಅದೆಲ್ಲ ಒಂದೇ ಕಡೆಯ ಭಾರ. ಸೊಂಟ, ಮಂಡಿ ನೋವಿನಿಂದ ನರಳುವ ನಮ್ಮ ತಾಯಂದಿರನ್ನು ಕೇಳಿದರೆ ತಿಳಿಯುತ್ತದೆ. ಭಾರವನ್ನು ಹೇಗೆ ಎತ್ತಬೇಕು, ಬೆನ್ನನ್ನು ಹೇಗೆ ಉಳಿಸಿಕೊಳ್ಳಬೇಕು ಎಂದು ಹೇಳಿಕೊಡುವವರು ನಗರದ ಸಾಹುಕಾರರಿಗೆ ಎಷ್ಟು ಬೇಕೋ ನಮ್ಮ ತೋಟದವರಿಗೂ ಅಷ್ಟೇ ಬೇಕು. ಹೀಗಾಗಿ ಕಸುಬಿಗೆ ಅಗತ್ಯವಿದೆ ಎಂಬುದರಲ್ಲಿ ಸಂಶಯವಿಲ್ಲ.

ಎರಡನೆಯ ಆಕ್ಷೇಪಣೆ ಹಳೆಯ ಪೈಲ್ವಾನರದು. ಗರಡಿಮನೆಯ ಉಸ್ತಾದರು ಯಾವತ್ತಾದರೂ ಗಂಟೆಗೆ ಇಷ್ಟು ಎಂದು ಫೀಸು ಕೇಳಿದ್ದುಂಟೇ? ಮೈಸೂರಿನ ಗರಡಿಗಳಲ್ಲಿ ಕೆಮ್ಮಣ್ಣಿನ ಅಖಾಡಕ್ಕೆ ಕೈಮುಗಿದು ಇಳಿದ ಹುಡುಗರು ಸಾಮು, ಬಸ್ಕಿ, ಗದೆ ಎಲ್ಲವನ್ನೂ ಕಲಿತು ದಸರಾ ಕುಸ್ತಿಯಲ್ಲಿ ನಿಂತರು. ಸುತ್ತೂರು ಜಾತ್ರೆಯಲ್ಲಿ ಇಂದಿಗೂ ಕುಸ್ತಿ ನಡೆಯುತ್ತದೆ. ವಿದ್ಯೆಯನ್ನು ಮಾರಬಾರದೆಂಬ ಭಾವನೆ ನಮ್ಮಲ್ಲಿ ಗಟ್ಟಿಯಾಗಿದೆ.

ಇಲ್ಲಿ ಲೆಕ್ಕವನ್ನು ಪೂರ್ತಿಯಾಗಿ ನೋಡಬೇಕು. ಗರಡಿಯ ವಿದ್ಯೆಗೆ ಬೆಲೆ ಇರಲಿಲ್ಲ ಎಂಬುದು ನಿಜವಲ್ಲ. ಬೆಲೆಯನ್ನು ಬೇರೆ ಯಾರೋ ತೆರುತ್ತಿದ್ದರು. ಅರಮನೆ ಪೈಲ್ವಾನರನ್ನು ಸಾಕುತ್ತಿತ್ತು, ಊರಿನ ಹಿರಿಯರು ಎಣ್ಣೆ, ಬೆಣ್ಣೆ, ಬಾದಾಮಿಗೆ ಕೊಡುತ್ತಿದ್ದರು, ಶಿಷ್ಯನಾದವನು ಅಖಾಡದ ಮಣ್ಣು ಹದಮಾಡಿ ಗುರುಸೇವೆ ಮಾಡುತ್ತಿದ್ದ. ಆಶ್ರಯ ತಪ್ಪಿದಾಗ ಏನಾಗುತ್ತದೆ ಎಂಬುದಕ್ಕೆ ಮೈಸೂರಿನಲ್ಲೇ ನಿದರ್ಶನವಿದೆ. ಚಿತ್ರದುರ್ಗ ಜಿಲ್ಲೆಯಲ್ಲಿ ಹುಟ್ಟಿದ ತಿರುಮಲೈ ಕೃಷ್ಣಮಾಚಾರ್ಯರಿಗೆ ನಾಲ್ವಡಿ ಕೃಷ್ಣರಾಜ ಒಡೆಯರು ಜಗನ್ಮೋಹನ ಅರಮನೆಯಲ್ಲಿ 1933ರಲ್ಲಿ ಯೋಗಶಾಲೆ ನಡೆಸಲು ಅವಕಾಶ ಮಾಡಿಕೊಟ್ಟರು. ಮರುವರ್ಷ ಅವರು ‘ಯೋಗ ಮಕರಂದ’ ಎಂಬ ಪುಸ್ತಕವನ್ನು ಕನ್ನಡದಲ್ಲಿ ಬರೆದು ಪ್ರಕಟಿಸಿದರು. 1940ರಲ್ಲಿ ಮಹಾರಾಜರು ತೀರಿಕೊಂಡರು. ಸಂಸ್ಥಾನಗಳ ಕಾಲವೂ ಮುಗಿಯಿತು. 1950ರಲ್ಲಿ ಯೋಗಶಾಲೆ ಮುಚ್ಚಿತು. ವಿದ್ಯೆ ಅದೇ ಇತ್ತು, ಗುರುವೂ ಇದ್ದರು, ಅನ್ನ ಹಾಕುವ ಕೈ ಮಾತ್ರ ಇರಲಿಲ್ಲ. ಅಂಥ ಸಂದರ್ಭದಲ್ಲಿ ಕಲಿಯುವವನೇ ಕೈಲಾದಷ್ಟು ಕೊಟ್ಟು ಕಲಿಸುವವನನ್ನು ಉಳಿಸಿಕೊಳ್ಳುವುದು ವಿದ್ಯೆಯನ್ನು ಮಾರಿದಂತಲ್ಲ, ಕಾಪಾಡಿದಂತೆ.

ಕನ್ನಡ ನಾಡಿನಲ್ಲಿ ಈ ದಾರಿಯನ್ನು ತುಳಿದವರು ಹೊಸಬರೇನೂ ಅಲ್ಲ. ಬೆಂಗಳೂರಿನ ಕೆ.ವಿ. ಅಯ್ಯರ್ ಅವರನ್ನು ‘ಶಾಂತಲಾ’, ‘ರೂಪದರ್ಶಿ’ ಕಾದಂಬರಿಗಳ ಲೇಖಕರೆಂದು ಓದುಗರು ಬಲ್ಲರು. ಆದರೆ ಅವರ ಕಸುಬು ವ್ಯಾಯಾಮ ಕಲಿಸುವುದು. ಬೆಂಗಳೂರಿನಲ್ಲಿ ಅವರ ವ್ಯಾಯಾಮಶಾಲೆ ಹೆಸರುವಾಸಿಯಾಗಿತ್ತು. ದೂರದೂರಿನವರಿಗೆ ಅಂಚೆಯ ಮೂಲಕವೂ ಪಾಠ ಕಳುಹಿಸುತ್ತಿದ್ದರು. ನಾಟಕಕಾರ ಟಿ.ಪಿ. ಕೈಲಾಸಂ ಅವರ ಆಪ್ತ ಗೆಳೆಯರಾಗಿದ್ದರು. ದೇಹ ಬೆಳೆಸುವವನ ಬುದ್ಧಿ ಬೆಳೆಯುವುದಿಲ್ಲ ಎಂಬ ಮಾತಿಗೆ ಅವರ ಜೀವನವೇ ಉತ್ತರ.

ಇನ್ನೊಬ್ಬರು ಕೋಲಾರ ಜಿಲ್ಲೆಯ ಬೆಳ್ಳೂರಿನ ಬಿ.ಕೆ.ಎಸ್. ಅಯ್ಯಂಗಾರ್. 1918ರಲ್ಲಿ ಬಡ ಮನೆಯಲ್ಲಿ ಹುಟ್ಟಿದ ಅವರಿಗೆ ಬಾಲ್ಯದಲ್ಲಿ ಮಲೇರಿಯಾ, ಟೈಫಾಯಿಡ್, ಕ್ಷಯ ಒಂದಾದ ಮೇಲೊಂದು ಬಂದವು. ಅಕ್ಕನ ಗಂಡನಾದ ಕೃಷ್ಣಮಾಚಾರ್ಯರಲ್ಲಿ ಮೈಸೂರಿನಲ್ಲಿ ಯೋಗ ಕಲಿತು, 1937ರಲ್ಲಿ ಇನ್ನೂ ಹದಿನೆಂಟರ ಹುಡುಗನಾಗಿರುವಾಗ ಪುಣೆಗೆ ಕಲಿಸಲು ಹೋದರು. ಮರಾಠಿ ಬಾರದು, ಇಂಗ್ಲಿಷು ಅಷ್ಟಕ್ಕಷ್ಟೆ. ಶಿಷ್ಯರಲ್ಲಿ ಅನೇಕರು ತಮಗಿಂತ ವಯಸ್ಸಿನಲ್ಲಿ ದೊಡ್ಡವರು, ಹೆಚ್ಚು ಓದಿದವರು, ಹೆಚ್ಚು ಗಟ್ಟಿಮುಟ್ಟಾದವರು. ಹೊಟ್ಟೆತುಂಬ ಊಟವಿಲ್ಲದ ದಿನಗಳನ್ನೂ ಅವರು ಕಂಡರು. ಆದರೂ ದಿನಕ್ಕೆ ಗಂಟೆಗಟ್ಟಲೆ ತಾವೇ ಅಭ್ಯಾಸ ಮಾಡಿ, ಯಾವ ಆಸನ ಯಾವ ಮೈಗೆ ಏನು ಮಾಡುತ್ತದೆ ಎಂಬುದನ್ನು ತಮ್ಮ ಮೈಯಲ್ಲೇ ಪರೀಕ್ಷಿಸಿದರು. ಮುಂದೆ 1952ರಲ್ಲಿ ಜಗತ್ಪ್ರಸಿದ್ಧ ಪಿಟೀಲುವಾದಕ ಯೆಹೂದಿ ಮೆನುಹಿನ್ ಅವರ ಶಿಷ್ಯರಾದರು. 1966ರಲ್ಲಿ ಅವರ ಯೋಗದ ಪುಸ್ತಕ ಹೊರಬಂದು ಲೋಕವೆಲ್ಲ ಹರಡಿತು. 2014ರಲ್ಲಿ ಪದ್ಮವಿಭೂಷಣ ಬಂದಿತು. ಅದೇ ವರ್ಷ ಅವರು ತೀರಿಕೊಂಡರು. ಬಗ್ಗಲಾರದ ಮುದುಕರಿಗೆ, ರೋಗಿಗಳಿಗೆ ಹಗ್ಗ, ಮರದ ತುಂಡು, ಕುರ್ಚಿಗಳ ಆಸರೆ ಕೊಟ್ಟು ಆಸನ ಮಾಡಿಸಿದ್ದು ಅವರ ದೊಡ್ಡತನ. ಮೈಯನ್ನು ಪಾಠಕ್ಕೆ ಬಗ್ಗಿಸದೆ, ಪಾಠವನ್ನು ಮೈಗೆ ಬಗ್ಗಿಸಿದರು. ಈ ಮಾತನ್ನು ಟ್ರೈನರ್ ಆಗಬಯಸುವ ಪ್ರತಿಯೊಬ್ಬ ತರುಣನೂ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು.

ಇನ್ನು ಮೂರನೆಯ ಆಕ್ಷೇಪಣೆ. ಇದು ವರ್ತಕರದು, ಎಲ್ಲಕ್ಕಿಂತ ಗಟ್ಟಿಯಾದದ್ದು. ನಾವು ಅಕ್ಕಿ ಮಾರಿದರೆ ಗಿರಾಕಿಯ ಚೀಲಕ್ಕೆ ಅಕ್ಕಿ ಬೀಳುತ್ತದೆ. ಬಟ್ಟೆ ಮಾರಿದರೆ ಬಟ್ಟೆ ಹೋಗುತ್ತದೆ. ಟ್ರೈನರ್ ಏನನ್ನು ಕೊಡುತ್ತಾನೆ? ಬಲವನ್ನು ಕೊಡುತ್ತಾನೆಯೇ? ಆಗದ ಮಾತು. ಬಲ ಎಂಬುದು ಕೊಡುವ ಕೊಳ್ಳುವ ವಸ್ತುವೇ ಅಲ್ಲ. ಅಪ್ಪ ಮಗನಿಗೆ ಹೊಲ ಕೊಡಬಹುದು, ಮನೆ ಕೊಡಬಹುದು, ತನ್ನ ತೋಳಿನ ಕಸುವನ್ನು ಕೊಡಲಾರ. ಕೋಟ್ಯಧಿಪತಿಯಾದರೂ ತನ್ನ ಬಸ್ಕಿಯನ್ನು ಆಳಿನಿಂದ ಹೊಡೆಸಿ ತಾನು ಗಟ್ಟಿಯಾಗಲಾರ. ಬಡವ ಶ್ರೀಮಂತ ಎಂಬ ಭೇದವಿಲ್ಲದೆ ಅವರವರೇ ದುಡಿದು ಪಡೆಯಬೇಕಾದ ಸಂಪತ್ತು ಇದೊಂದೇ ಇರಬಹುದು. ಹಾಗಿದ್ದ ಮೇಲೆ ಶಿಷ್ಯನು ಕೊಟ್ಟ ಹಣಕ್ಕೆ ಪ್ರತಿಯಾಗಿ ಲೆಕ್ಕದ ಪುಸ್ತಕದಲ್ಲಿ ಏನು ಬರೆಯಬೇಕು?

ನಮಗೆ ತೋರುವಂತೆ ಮೂರು ಬಾಬುಗಳನ್ನು ಬರೆಯಬಹುದು. ಒಂದು, ತಿಳಿವಳಿಕೆ. ಎರಡು, ಲಕ್ಷ್ಯ. ಎಂದರೆ ಆ ಒಂದು ಗಂಟೆ ತನ್ನ ಮೊಬೈಲನ್ನೂ ಕನ್ನಡಿಯನ್ನೂ ನೋಡದೆ ಶಿಷ್ಯನ ಬೆನ್ನು, ಮಂಡಿ, ಉಸಿರು ಇವುಗಳ ಮೇಲೆ ಇಟ್ಟ ಕಣ್ಣು. ಮೂರು, ಸತ್ಯ. ಆಗುವುದನ್ನು ಆಗುತ್ತದೆ ಎಂದೂ, ಆಗದ್ದನ್ನು ಆಗದೆಂದೂ ಹೇಳುವುದು. ಈ ಮೂರು ಸಂದಾಯವಾದರೆ ಫೀಸು ನ್ಯಾಯವಾದ ಕೂಲಿ. ಇದರಲ್ಲಿ ಒಂದು ಕಡಿಮೆಯಾದರೂ ತೂಕದಲ್ಲಿ ಮೋಸ. ಎಣಿಕೆಗೆ ಕೂಲಿಯಿಲ್ಲ, ಎಣಿಸಲು ಶಿಷ್ಯನಿಗೇ ಬರುತ್ತದೆ.

ಶರಣರ ಸಮೂಹದಲ್ಲಿ ಬಟ್ಟೆ ಒಗೆಯುವವರು, ದೋಣಿ ನಡೆಸುವವರು, ಹಗ್ಗ ಹೊಸೆಯುವವರ ಜೊತೆಗೆ ವೈದ್ಯ ಸಂಗಣ್ಣನವರೂ ಇದ್ದರು. ಇನ್ನೊಬ್ಬರ ದೇಹದ ಆರೈಕೆಯನ್ನು ಜೀವನೋಪಾಯವಾಗಿ ಮಾಡಿಕೊಳ್ಳುವುದನ್ನು ಅನುಭವ ಮಂಟಪವು ಕಾಯಕವೆಂದೇ ಒಪ್ಪಿತ್ತು. ಆದ್ದರಿಂದ ‘ದುಡ್ಡಿದ್ದವರ ಮೈ ತಿದ್ದುವ ಕೆಲಸ’ ಎಂದು ಹೀನಾಯವಾಗಿ ನೋಡುವುದು ನಮಗೆ ಶೋಭಿಸುವುದಿಲ್ಲ. ಕೆಲಸದಲ್ಲಿ ಕೀಳು ಮೇಲು ಇಲ್ಲ. ಮಾಡುವ ರೀತಿಯಲ್ಲಿ ಇದೆ.

ಈ ಕಸುಬಿನ ಒಳಗುಟ್ಟು ಇರುವುದು ಮುಂದಿನ ಮಾತಿನಲ್ಲಿ. ವ್ಯಾಪಾರದಲ್ಲಿ ಖಾಯಂ ಗಿರಾಕಿಯೇ ಲಕ್ಷ್ಮಿ. ಬಂದವನು ಮತ್ತೆ ಮತ್ತೆ ಬರಬೇಕು. ಆದರೆ ಕಲಿಸುವವನ ಗೆಲುವು ಇರುವುದು, ಕಲಿತವನಿಗೆ ತನ್ನ ಅಗತ್ಯ ತಪ್ಪುವುದರಲ್ಲಿ. ಈಜು ಕಲಿಸುವವನು ಹತ್ತು ವರ್ಷ ಒಬ್ಬನನ್ನೇ ಕೈಯಲ್ಲಿ ಹಿಡಿದುಕೊಂಡಿದ್ದರೆ ಅವನು ಈಜು ಕಲಿಸಿದ ಎನ್ನಲಾಗದು. ಹಾಗೆಯೇ ಒಬ್ಬ ಶಿಷ್ಯನು ಎರಡು ವರ್ಷ ಹಣ ಕೊಟ್ಟ ಮೇಲೂ ಟ್ರೈನರ್ ಒಂದು ವಾರ ಬಾರದಿದ್ದರೆ ಏನು ಮಾಡಬೇಕೆಂದು ತಿಳಿಯದೆ ಕೂತಿದ್ದರೆ, ಅಲ್ಲಿ ವಿದ್ಯೆ ದಾಟಿಲ್ಲ, ಹಣ ಮಾತ್ರ ದಾಟಿದೆ. ತಾನು ಬೇಡವಾಗುವ ದಿನಕ್ಕಾಗಿ ದುಡಿಯಬೇಕಾದ ಕಸುಬು ಇದು. ಹೊಟ್ಟೆಪಾಡು ಒಂದು ಕಡೆಗೆ ಎಳೆಯುತ್ತದೆ, ಧರ್ಮ ಇನ್ನೊಂದು ಕಡೆಗೆ ಎಳೆಯುತ್ತದೆ. ನಮ್ಮ ಮಕ್ಕಳಿಗೆ ಕಾದಿರುವ ನಿಜವಾದ ಪರೀಕ್ಷೆ ಇಲ್ಲಿದೆ, ಕಬ್ಬಿಣ ಎತ್ತುವುದರಲ್ಲಿ ಅಲ್ಲ.

‘ಹೀಗೆ ಶಿಷ್ಯರನ್ನೆಲ್ಲ ಕಳುಹಿಸಿಬಿಟ್ಟರೆ ಹೊಟ್ಟೆಗೇನು?’ ಎಂದು ಕೇಳಬಹುದು. ನ್ಯಾಯವಾದ ಪ್ರಶ್ನೆ. ಗೂಡಲೂರಿನ ಒಬ್ಬ ಬೀಜದ ವ್ಯಾಪಾರಿ, ‘ಈ ಬೀಜ ನಿಮ್ಮ ಹೊಲದ ಎತ್ತರಕ್ಕೆ ಹೊಂದುವುದಿಲ್ಲ, ತೆಗೆದುಕೊಳ್ಳಬೇಡಿ’ ಎಂದು ಹೇಳಿದನೆನ್ನಿ. ಆ ದಿನದ ವ್ಯಾಪಾರ ಹೋಯಿತು. ಆದರೆ ಆ ರೈತನ ಮನೆ, ಅವನ ಬೀಗರ ಮನೆ, ಪಕ್ಕದ ಊರು ಎಲ್ಲವೂ ಆ ಅಂಗಡಿಗೇ ಬಂದಾವು. ಗುಣವಾದವನ ಬಾಯಿಯೇ ಕಲಿಸಿದವನ ಬೋರ್ಡು. ಮೆನುಹಿನ್ ತಮ್ಮ ದೇಶಕ್ಕೆ ಹಿಂದಿರುಗಿ ಕಲಿತದ್ದನ್ನು ಬಿಡದೆ ಮಾಡಿದರು. ಗುರುವನ್ನು ಪರದೇಶಕ್ಕೆ ಕರೆಸಿಕೊಂಡು ಎಲ್ಲರಿಗೂ ಪರಿಚಯಿಸಿದರು. ಒಬ್ಬ ಶಿಷ್ಯ ಸ್ವತಂತ್ರನಾದದ್ದರಿಂದ ಸಾವಿರ ಶಿಷ್ಯರ ಬಾಗಿಲು ತೆರೆಯಿತು. ಕೆಲವರಿಗೆ ಕಲಿತ ಮೇಲೂ ಜೊತೆಗೊಬ್ಬರು ಬೇಕೆನಿಸುತ್ತದೆ. ಒಂಟಿಯಾಗಿ ಮಾಡಲು ಮನಸ್ಸು ಬಾರದು. ಅಂಥವರು ತಿಳಿದೇ ಹಣ ಕೊಟ್ಟು ಬಂದರೆ ದೋಷವಿಲ್ಲ. ತಿಳಿಯದಂತೆ ಕಟ್ಟಿಹಾಕುವುದರಲ್ಲಿ ದೋಷವಿದೆ.

ಈ ದಾರಿಯಲ್ಲಿ ಕೆಲವು ಹೊಂಡಗಳಿವೆ. ಅವನ್ನು ಹೆಸರಿಟ್ಟೇ ಹೇಳಬೇಕು. ವೈದ್ಯರಿಗೆ, ವಕೀಲರಿಗೆ ಕಾನೂನಿನ ಪ್ರಕಾರ ಒಂದೊಂದು ಪರಿಷತ್ತಿದೆ. ತಪ್ಪಿದರೆ ಹೆಸರು ಕಿತ್ತುಹಾಕುತ್ತಾರೆ. ಟ್ರೈನರಿಗೆ ಅಂಥ ಪರಿಷತ್ತಿಲ್ಲ. ಬಿಗಿಯಾದ ಬನಿಯನ್ ತೊಟ್ಟು ತೋಳು ತೋರಿಸಿದವನೆಲ್ಲ ಟ್ರೈನರ್ ಆಗಬಹುದಾದ ಸ್ಥಿತಿ ಇದೆ. ಕೇಳುವವರಿಲ್ಲದ ಕಡೆ ಮನಸ್ಸಾಕ್ಷಿಯೇ ಇನ್‌ಸ್ಪೆಕ್ಟರ್ ಆಗಬೇಕು.

ಮೊದಲ ಹೊಂಡ ಡಬ್ಬದ ಪುಡಿ. ಪ್ರೋಟೀನ್ ಪುಡಿ ಎಂಬುದು ವಿಷವಲ್ಲ. ಆಹಾರದಲ್ಲಿ ಸಾಲದವರಿಗೆ ಅದು ಒಂದು ಪೂರಕ, ಅಷ್ಟೆ. ಆದರೆ ಹಾಲು, ಮೊಸರು, ಹುರುಳಿ, ಕಡಲೆ, ಬೇಳೆ ಮನೆಯಲ್ಲೇ ಇರುವವನಿಗೆ ಕಮಿಷನ್ನಿನ ಆಸೆಯಿಂದ ಸಾವಿರಾರು ರೂಪಾಯಿಯ ಡಬ್ಬ ಮಾರಿದರೆ ಅದು ಸುಳ್ಳು ವ್ಯಾಪಾರ. ಎರಡನೆಯ ಹೊಂಡ ಇನ್ನೂ ಆಳವಾದದ್ದು. ಮೂರು ತಿಂಗಳಲ್ಲಿ ತೋಳು ಉಬ್ಬಿಸುವ ಸ್ಟೀರಾಯ್ಡ್ ಗುಳಿಗೆ, ಇಂಜೆಕ್ಷನ್‌ಗಳು. ಇವು ಡಾಕ್ಟರು ಬರೆದುಕೊಟ್ಟರೆ ಮಾತ್ರ ತೆಗೆದುಕೊಳ್ಳಬೇಕಾದ ಔಷಧಿಗಳು. ಮನಬಂದಂತೆ ತೆಗೆದುಕೊಂಡರೆ ಹೃದಯ, ಪಿತ್ತಜನಕಾಂಗ, ಸಂತಾನಶಕ್ತಿ ಎಲ್ಲಕ್ಕೂ ಕುತ್ತು. ಇದನ್ನು ಕೈಯಾರೆ ಕೊಟ್ಟವನೂ, ಕಂಡು ಸುಮ್ಮನಿದ್ದವನೂ ಪಾಪದಲ್ಲಿ ಸಮಪಾಲುದಾರರು. ಮೂರನೆಯದು ಪೋಟೋದ ಆಶ್ವಾಸನೆ. ‘ತೊಂಬತ್ತು ದಿನದಲ್ಲಿ ಹೀಗಿದ್ದವರು ಹೀಗಾದರು’ ಎಂದು ಎರಡು ಚಿತ್ರ ಅಂಟಿಸಿ, ಎಲ್ಲರಿಗೂ ಅದೇ ಆಗುತ್ತದೆಂದು ನಂಬಿಸುವುದು. ಒಂದೇ ಮಳೆಗೆ ಎಲ್ಲ ಹೊಲವೂ ಒಂದೇ ಬೆಳೆ ಕೊಡುತ್ತದೆಯೇ?

ಅಪಾಯದ ಮಾತು ಬಂದಾಗ ನಮ್ಮ ಗಡಿನಾಡಿನವರಿಗೆ ನೆನಪಾಗುವುದು 2021ರ ಅಕ್ಟೋಬರ್ 29. ಗಾಜನೂರಿನ ಮನೆತನದ ಕುಡಿ, ನಟ ಪುನೀತ್ ರಾಜ್‌ಕುಮಾರ್ ಅಂದು 46ನೇ ವಯಸ್ಸಿನಲ್ಲಿ ಹೃದಯಾಘಾತದಿಂದ ತೀರಿಕೊಂಡರು. ಬೆಳಿಗ್ಗೆ ವ್ಯಾಯಾಮ ಮಾಡಿದ್ದರೆಂಬ ಸುದ್ದಿ ಕೇಳಿ ಅನೇಕರು ಜಿಮ್ಮಿಗೆ ಹೋಗುವುದನ್ನೇ ಬಿಟ್ಟರು. ವ್ಯಾಯಾಮದಿಂದಲೇ ಹಾಗಾಯಿತೆಂದು ಹೇಳುವುದು ಸರಿಯಲ್ಲ. ನಿಯಮಿತ ವ್ಯಾಯಾಮ ಒಟ್ಟಿನಲ್ಲಿ ಹೃದಯಕ್ಕೆ ಹಿತವೆಂಬುದು ವೈದ್ಯಶಾಸ್ತ್ರದ ಸ್ಥಿರವಾದ ಅಭಿಪ್ರಾಯ. ಆದರೆ ಆ ದುಃಖದಿಂದ ಕಲಿಯಬೇಕಾದ ಪಾಠವೊಂದಿದೆ. ನೋಡಲು ಗಟ್ಟಿಯಾಗಿದ್ದವರ ಒಳಗೆ ಏನಿದೆ ಎಂದು ಹೊರಗಿನಿಂದ ತಿಳಿಯುವುದಿಲ್ಲ. ಆದ್ದರಿಂದ ಹೊಸದಾಗಿ ಬಂದವರನ್ನು, ಅದರಲ್ಲೂ ನಲವತ್ತು ದಾಟಿದವರನ್ನು, ಬಿ.ಪಿ., ಸಕ್ಕರೆ, ಎದೆನೋವು, ಮನೆತನದಲ್ಲಿ ಹೃದ್ರೋಗ ಇವೆಲ್ಲವನ್ನೂ ಕೇಳಿ, ಸಂಶಯವಿದ್ದರೆ ಡಾಕ್ಟರ ಬಳಿಗೆ ಕಳುಹಿಸುವ ಟ್ರೈನರ್ ಒಳ್ಳೆಯವನು. ಮೊದಲ ದಿನವೇ ಭಾರ ಹೊರಿಸಿ ತನ್ನ ಬಿಗಿ ತೋರಿಸುವವನಲ್ಲ. ಎದೆ ಹಿಡಿಯಿತು, ತಲೆ ಸುತ್ತಿತು ಎಂದರೆ ‘ಇನ್ನೆರಡು ಸಲ ಮಾಡಿ’ ಎನ್ನದೆ ತಕ್ಷಣ ನಿಲ್ಲಿಸುವವನು ನಿಜವಾದ ಗುರು.

ಈಗ ಹಣಕಾಸಿನ ಮಾತು. ಹುಡುಗರು ಟ್ರೈನರ್ ಆಗುತ್ತೇನೆಂದು ಹೊರಟು, ಸ್ವಂತ ಜಿಮ್ಮು ಹಾಕಿಕೊಡಿ ಎಂದು ತಂದೆಯ ಬೆನ್ನು ಹತ್ತುವುದುಂಟು. ಒಂದು ಸರಳ ಲೆಕ್ಕ ನೋಡೋಣ. ಯಂತ್ರಗಳಿಗೆ ಹದಿನೈದು ಲಕ್ಷ ಸಾಲ ಮಾಡಿದರೆ, ವರ್ಷಕ್ಕೆ ಶೇಕಡಾ ಹನ್ನೆರಡು ಬಡ್ಡಿಯಂತೆ ತಿಂಗಳಿಗೆ ಬಡ್ಡಿಯೇ ಹದಿನೈದು ಸಾವಿರ ರೂಪಾಯಿ. ಅಸಲು, ಬಾಡಿಗೆ, ಕರೆಂಟು, ರಿಪೇರಿ ಎಲ್ಲವೂ ಅದರ ಮೇಲೆ. ತಿಂಗಳಿಗೆ ನಾಲ್ಕು ಸಾವಿರ ಕೊಡುವ ಶಿಷ್ಯರು ಎಂಟು ಜನ ಸಿಕ್ಕರೂ ಬರುವುದು ಮೂವತ್ತೆರಡು ಸಾವಿರ. ಅದರಲ್ಲಿ ಸುಮಾರು ಅರ್ಧ ಬಡ್ಡಿಗೇ ಹೋಯಿತು. ಕೇವಲ ನಷ್ಟದ ಭಯದಿಂದ ನಾವು ಇದನ್ನು ಹೇಳುತ್ತಿಲ್ಲ. ಸಾಲದ ಕಂತು ತಲೆಯ ಮೇಲೆ ನಿಂತಾಗ ಸತ್ಯ ಹೇಳುವುದು ಕಷ್ಟವಾಗುತ್ತದೆ. ‘ನಿಮಗೆ ಈ ಪುಡಿ ಬೇಡ’ ಎನ್ನಲು ನಾಲಿಗೆ ಏಳುವುದಿಲ್ಲ. ‘ನೀವಿನ್ನು ಸ್ವಂತವಾಗಿ ಮಾಡಿಕೊಳ್ಳಬಹುದು’ ಎನ್ನಲು ಧೈರ್ಯ ಸಾಲದು. ಸಾಲ ಮೊದಲು ತಿನ್ನುವುದು ಹೊಲವನ್ನಲ್ಲ, ಪ್ರಾಮಾಣಿಕತೆಯನ್ನು. ಪರ್ಸನಲ್ ಟ್ರೈನರಿಗೆ ಸ್ವಂತ ಯಂತ್ರಗಳು ಬೇಕೇ ಬೇಕೆಂದಿಲ್ಲ. ಬೇರೆಯವರ ಜಿಮ್ಮಿನಲ್ಲಿ ದುಡಿಯಬಹುದು, ಶಿಷ್ಯರ ಮನೆಗೇ ಹೋಗಬಹುದು, ಬಯಲಿನಲ್ಲೂ ಕಲಿಸಬಹುದು. ತಂದೆಯಾದವರು ತೋಟ ಅಡವಿಟ್ಟು ಯಂತ್ರ ಕೊಡಿಸುವ ಬದಲು ಮಗನ ಕಲಿಕೆಗೆ ಹಣ ಕೊಡಲಿ.

ಕಲಿಕೆಗೆ ದಾರಿಗಳಿವೆ. ಚೆನ್ನೈಯಲ್ಲಿ 1920ರಲ್ಲಿ ಆರಂಭವಾದ ವೈ.ಎಂ.ಸಿ.ಎ. ದೈಹಿಕ ಶಿಕ್ಷಣ ಕಾಲೇಜಿದೆ. ತಮಿಳುನಾಡು ದೈಹಿಕ ಶಿಕ್ಷಣ ಮತ್ತು ಕ್ರೀಡಾ ವಿಶ್ವವಿದ್ಯಾಲಯವಿದೆ. ಕೇಂದ್ರ ಸರ್ಕಾರದ ಕೌಶಲ ಯೋಜನೆಯಡಿ ಫಿಟ್‌ನೆಸ್ ಟ್ರೈನರ್ ಎಂಬ ಕೆಲಸಕ್ಕೆ ಪ್ರಮಾಣಪತ್ರವನ್ನೂ ಕೊಡುತ್ತಾರೆ. ಮೂಳೆ, ಸ್ನಾಯು, ಹೃದಯ, ಆಹಾರ ಇವುಗಳ ಪಾಠವನ್ನು ಕ್ರಮವಾಗಿ ಓದದೆ ಇನ್ನೊಬ್ಬರ ಬೆನ್ನ ಮೇಲೆ ಭಾರ ಇಡಲು ಯಾರಿಗೂ ಅಧಿಕಾರವಿಲ್ಲ. ಒಂದೆರಡು ವರ್ಷ ಅನುಭವಿಗಳ ಕೈಕೆಳಗೆ ದುಡಿಯುವುದು ಅದಕ್ಕಿಂತ ಮುಖ್ಯ. ಇದು ಊರು ಬಿಡಬೇಕಾದ ಕಸುಬು ಎಂಬುದನ್ನೂ ತಿಳಿದಿರಬೇಕು. ಶಿಷ್ಯರು ಸಿಗುವುದು ಮುಂಜಾನೆ ಮತ್ತು ಸಂಜೆ. ಮೈಸೂರಿನಲ್ಲಿ ಸಂಜೆಯ ಪಾಠ ಮುಗಿಸಿ ಮಸಿನಗುಡಿ ಸೇರೋಣವೆಂದರೆ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ಬಂಡೀಪುರದ ರಸ್ತೆ ಮುಚ್ಚಿರುತ್ತದೆ.

ಹೆಣ್ಣುಮಕ್ಕಳಿಗೂ ಇಲ್ಲಿ ಅವಕಾಶವಿದೆ ಎಂಬುದನ್ನು ಮರೆಯಬಾರದು. ಬಾಣಂತನ ಕಳೆದವರು, ಮುಟ್ಟು ನಿಂತ ವಯಸ್ಸಿನವರು, ಮಂಡಿನೋವಿನವರು ಹೆಂಗಸರ ಹತ್ತಿರವಾದರೆ ಸಂಕೋಚವಿಲ್ಲದೆ ಹೇಳಿಕೊಂಡು ಕಲಿಯುತ್ತಾರೆ. ಮಗಳು ಆಸೆಪಟ್ಟರೆ ‘ಹುಡುಗಿಗೇಕೆ ಇದು’ ಎಂದು ಬಾಯಿ ಮುಚ್ಚಿಸುವುದು ಬೇಡ. ಹೆಣ್ಣಿಗೆ ಸಮಾನ ಸ್ಥಾನ ಕೊಟ್ಟ ಪರಂಪರೆ ನಮ್ಮದು.

ಫೀಸು ಎಷ್ಟಿರಬೇಕೆಂಬ ಪ್ರಶ್ನೆಗೆ ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗವೇ ದಾರಿ ತೋರಿಸೀತು. ಚೆಲ್ಲಿದ ಅಕ್ಕಿಯನ್ನು ಆಯ್ದು ತರುವ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ತಂದಾಗ, ಅಷ್ಟು ನಮಗೇಕೆಂದು ಆ ತಾಯಿ ಹಿಂದಕ್ಕೆ ಕಳುಹಿಸಿದರು. ಬಡತನದಲ್ಲಿ ಬದುಕಿ ಎಂದು ಇದರ ಅರ್ಥವಲ್ಲ. ಕೊಟ್ಟ ಸೇವೆಗೂ ಪಡೆದ ಹಣಕ್ಕೂ ಹೊಂದಾಣಿಕೆ ಇರಲಿ ಎಂದು ಅರ್ಥ. ಕೊಡಬಲ್ಲವರಿಂದ ಸರಿಯಾದ ಫೀಸು ಪಡೆಯಲಿ. ಸಂಕೋಚಪಟ್ಟು ಬಿಟ್ಟಿ ದುಡಿಯುವುದೂ ಬೇಡ. ಆದರೆ ವಾರಕ್ಕೊಂದು ಗಂಟೆಯಾದರೂ ಕೊಡಲಾರದವರಿಗೆ ಮೀಸಲಿಡಲಿ. ಹಬ್ಬಕ್ಕೆ ಊರಿಗೆ ಬಂದಾಗ ಸೊಪ್ಪು ಕೀಳುವ ತಾಯಂದಿರನ್ನು ಕೂಡಿಸಿ ಬೆನ್ನು ಉಳಿಸಿಕೊಳ್ಳುವ ನಾಲ್ಕು ಕ್ರಮ ಹೇಳಿಕೊಡಲಿ. ಅದೇ ಅವನ ದಾಸೋಹ. ಕಾಯಕದ ಜೊತೆ ದಾಸೋಹ ಕೂಡಿದಾಗಲೇ ಲೆಕ್ಕ ತಾಳೆಯಾಗುತ್ತದೆ.

ಹಾಗಾದರೆ ಮಗ ಕೇಳಿದಾಗ ತಂದೆ ಏನು ಹೇಳಬೇಕು? ಬೇಡವೆಂದು ಗದರಬೇಕಾಗಿಲ್ಲ, ಹೋಗೆಂದು ಕೈ ತೊಳೆದುಕೊಳ್ಳಬೇಕಾಗಿಯೂ ಇಲ್ಲ. ಎದುರಿಗೆ ಕೂರಿಸಿಕೊಂಡು ಮೂರು ಪ್ರಶ್ನೆ ಕೇಳಲಿ. ನಿನಗೆ ಇಷ್ಟವಿರುವುದು ನಿನ್ನ ಮೈಯೋ, ಇನ್ನೊಬ್ಬರ ಆರೋಗ್ಯವೋ? ಅರವತ್ತರ ಮುದುಕ ಬಂದು ಒಂದು ಬಸ್ಕಿ ಹೊಡೆಯಲು ಒಂದು ತಿಂಗಳು ತೆಗೆದುಕೊಂಡರೆ ಬೇಸರಿಸದೆ ಜೊತೆಗೆ ನಿಲ್ಲುತ್ತೀಯಾ? ನಿನ್ನಿಂದ ಕಲಿತವನು ‘ಇನ್ನು ನಾನೇ ಮಾಡಿಕೊಳ್ಳುತ್ತೇನೆ’ ಎಂದ ದಿನ ನಿನಗೆ ಸಂತೋಷವಾಗುತ್ತದೆಯೇ, ಸಂಕಟವಾಗುತ್ತದೆಯೇ? ಮೊದಲ ಎರಡಕ್ಕೆ ಹುಡುಗರು ಬೇಗ ಉತ್ತರ ಹೇಳಿಯಾರು. ಮೂರನೆಯದಕ್ಕೆ ಸ್ವಲ್ಪ ಹೊತ್ತು ಸುಮ್ಮನಾದರೆ ಚಿಂತೆಯಿಲ್ಲ, ಯೋಚಿಸುತ್ತಿದ್ದಾನೆ ಎಂದು ತಿಳಿಯಬೇಕು. ಯೋಚಿಸಿ ‘ಸಂತೋಷವಾಗುತ್ತದೆ’ ಎಂದು ಹೇಳಬಲ್ಲವನು ಯಾವ ಊರಿಗೆ ಹೋದರೂ ಕಾಯಕಜೀವಿಯಾಗಿ ಬಾಳುತ್ತಾನೆ. ಅಂಥ ಮಕ್ಕಳನ್ನು ಮನಸಾರೆ ಹರಸಿ ಕಳುಹಿಸೋಣ.